ಟಕ್ಲಾ ಗುಡ್ಡದ ಗೂಡುದೀಪ

ಲಂಟಾನದ ವಾಸನೆ ಒಮ್ಮೆ ಕೈಗೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ. ಬೆಳಿಗ್ಗೆ ಕಿತ್ತ ಗಿಡ, ಮಧ್ಯಾಹ್ನ ಅನ್ನ ಕಲಸುವಾಗಲೂ ಬೆರಳ ತುದಿಯಲ್ಲಿ ಕೂತಿರುತ್ತದೆ. ಸಾಬೂನಾಯಿತು, ನಿಂಬೆಹಣ್ಣಿನ ಸಿಪ್ಪೆಯಾಯಿತು, ಕಡಲೆಹಿಟ್ಟೂ ಆಯಿತು. ಇವತ್ತಂತೂ ಲಿಫ್ಟಿನಲ್ಲಿ ಪಕ್ಕ ನಿಂತಿದ್ದ ಹುಡುಗಿಯೊಬ್ಬಳು ಮೂಗು ಎತ್ತಿ ಸುತ್ತ ನೋಡಿ, ಕೊನೆಗೆ ನನ್ನ ಕಡೆ ತಿರುಗಿ ನಯವಾಗಿ ನಕ್ಕಳು. ನಾನೂ ನಕ್ಕೆ. ಈ ವಯಸ್ಸಿನಲ್ಲಿ ಯಾವ ಹೆಂಗಸಿನ ಕೈಗೂ ಬರಬಾರದ ವಾಸನೆಯೊಂದು ನನ್ನ ಕೈಗೆ ಬಂದಿದೆ, ಅದಕ್ಕೆ ಕಾರಣ ಒಬ್ಬ ಹೋಟೆಲಿನ ಶೆಟ್ಟರು ಎಂದು ಹೇಳಿದರೆ ಆ ಹುಡುಗಿ ಏನು ತಿಳಿದುಕೊಂಡಾಳು! ಅದಕ್ಕೇ ಅವಳಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ನಮ್ಮದು ಬೊರಿವಲಿಯಲ್ಲಿ ಒಂದು ಹಳೆಯ ಕಾಲೊನಿ. ಹಿಂದುಗಡೆ ಒಂದು ಚಿಕ್ಕ ಗುಡ್ಡವಿದೆ. ಇಲ್ಲಿಯವರು ಟೇಕಡಿ ಎನ್ನುತ್ತಾರೆ. ಕಾಲೊನಿಯದೇ ಜಾಗ, ಆದರೆ ಬರೀ ಬಂಡೆ. ಕಟ್ಟಲಿಕ್ಕೆ ಬಾರದ್ದರಿಂದ ಉಳಿದಿದೆ. ಅದರ ಮೇಲೆ ಮೊಣಕಾಲೆತ್ತರದ ಹುಲ್ಲು, ಅಲ್ಲಲ್ಲಿ ಮುಳ್ಳಿನ ಪೊದೆ, ಅಷ್ಟೆ. ನಾನು ಬಾಗಲಕೋಟೆ ಕಡೆಯವಳು. ಹುಟ್ಟಿದಾಗಿನಿಂದ ಕುರುಚಲು ಕಂಟಿಯನ್ನೇ ನೋಡಿ, ಅದರ ಮುಳ್ಳನ್ನೇ ಕಾಲಿನಿಂದ ಕಿತ್ತು ಬೆಳೆದವಳು. ಮದುವೆಯಾಗಿ ಮುಂಬಯಿಗೆ ಬಂದು, ಕನ್ನಡ ಶಾಲೆಯಲ್ಲಿ ಟೀಚರಾಗಿ, ನಿವೃತ್ತಳಾಗಿ, ಬೆಡ್‌ರೂಮಿನ ಕಿಟಕಿ ತೆರೆದರೆ ಅಲ್ಲೂ ಅದೇ ಕಂಟಿ! ದೇವರು ನನಗೆ ಇಷ್ಟನ್ನೇ ಬರೆದಿದ್ದಾನೆಂದು ಪರದೆ ಎಳೆದು ಸುಮ್ಮನಾಗಿದ್ದೆ.

ವಿಠಲ ಶೆಟ್ಟರು ನಮ್ಮ ಮೇಲಿನ ಮಹಡಿಯವರು. ಸಾಂತಾಕ್ರೂಜ್ ಸ್ಟೇಷನ್ನಿನ ಹತ್ತಿರ ಅವರದೊಂದು ಉಡುಪಿ ಹೋಟೆಲಿತ್ತು. ವಯಸ್ಸಾದ ಮೇಲೆ ಅದನ್ನು ಅಳಿಯನಿಗೆ ಒಪ್ಪಿಸಿ ಮನೆಯಲ್ಲಿ ಕೂತರು. ಕೂತರು ಎಂದೆನಲ್ಲ, ಅದು ತಪ್ಪು. ಆ ಮನುಷ್ಯನಿಗೆ ಕೂರುವುದೇ ಗೊತ್ತಿರಲಿಲ್ಲ. ಆಯುಷ್ಯವಿಡೀ ಊಟದ ಹೊತ್ತಿನ ಗದ್ದಲದಲ್ಲಿ ಕೂಗಿ ಕೂಗಿ, "ಟೀಚರ್, ಸೌಖ್ಯವಾ?" ಎಂದು ಕೇಳಿದರೂ ಎರಡು ಬಿಲ್ಡಿಂಗಿಗೆ ಕೇಳಿಸುತ್ತಿತ್ತು. ತಲೆಯ ಮೇಲೆ ಒಂದು ಕೂದಲಿಲ್ಲ, ಮೈಯಲ್ಲಿ ಸಕ್ಕರೆ ಕಾಯಿಲೆ. ಡಾಕ್ಟರು ನಡೆಯಲು ಹೇಳಿದ್ದರಿಂದ ದಿನಾ ಗುಡ್ಡ ಹತ್ತಿ ಇಳಿಯುತ್ತಿದ್ದರು.

ಒಂದು ಆಗಸ್ಟಿನ ಬೆಳಿಗ್ಗೆ ಜಿಟಿಜಿಟಿ ಮಳೆ. ನನ್ನ ಬಾಗಿಲು ದಬದಬ ಬಡಿಯಿತು. ಬೆಂಕಿ ಬಿತ್ತೋ ಏನೋ ಎಂದು ತೆರೆದರೆ ಶೆಟ್ಟರು, ಮೊಣಕಾಲವರೆಗೆ ಕೆಸರು.

"ಟೀಚರ್, ಬನ್ನಿ ಬನ್ನಿ, ಬೇಗ ಬನ್ನಿ! ಗುಡ್ಡದಲ್ಲಿ ಎಂಥದೋ ಉಂಟು ಮಾರಾಯ್ರೆ!"

"ಹಾವೇನ್ರೀ?"

"ಹಾವಲ್ಲ, ಹೂ!"

"ಹೂವಿಗೆ ಇಷ್ಟ್ಯಾಕ ಒದರ್ತೀರಿ? ಒಲಿ ಮ್ಯಾಲೆ ಕುಕ್ಕರ್ ಇಟ್ಟೀನಿ."

"ಅಯ್ಯೋ, ಕುಕ್ಕರ್ ನಾಳೆಯೂ ಇರ್ತದೆ. ಇದು ನಾಳೆ ಇರ್ತದಾ ಇಲ್ವಾ ಯಾರಿಗೆ ಗೊತ್ತು?"

ಗ್ಯಾಸ್ ಆರಿಸಿ ಹೋದೆ. ಅವರನ್ನು ಬಲ್ಲವರಿಗೆ ಗೊತ್ತು, ಹೋಗದೆ ಇರಲು ಸಾಧ್ಯವಿರಲಿಲ್ಲ. ಮೇಲೆ ಒಂದು ಮುಳ್ಳಿನ ಪೊದೆಯ ಮುಂದೆ ನಿಲ್ಲಿಸಿ, "ನೋಡಿ" ಎಂದರು. ಆ ಪೊದೆ ಅವರಿಗೆ ಕರಂಡೆ, ನಮ್ಮ ಕಡೆ ಕವಳಿ, ಇಲ್ಲಿಯವರಿಗೆ ಕರವಂದ. ಮೂರೂ ಕಡೆಯವರು ಅದರ ಹಣ್ಣು ತಿಂದೇ ಬಾಯಿ ಅಂಟು ಮಾಡಿಕೊಂಡವರು. ಆದರೆ ಹೂ ಎಲ್ಲಿ? ಕನ್ನಡಕ ಒರೆಸಿ ನೋಡಿದೆ, ಬಗ್ಗಿ ನೋಡಿದೆ.

"ಏನೂ ಕಾಣವಲ್ದು, ಶೆಟ್ಟರ. ಒಂದು ಬಳ್ಳಿ ಹಬ್ಬೇತಿ, ಹಾಗಲ ಬಳ್ಳಿ ಇದ್ದಂಗ."

"ಹಾಗಲ ಬಳ್ಳಿಯಾ!" ಅವರಿಗೆ ನಿಜವಾಗಿಯೂ ನೋವಾಯಿತು. ಕೊಡೆಯನ್ನು ನನ್ನ ತಲೆಯ ಮೇಲಿನಿಂದ ತೆಗೆದು ಆ ಬಳ್ಳಿಯ ಮೇಲೆ ಹಿಡಿದರು. ನಾನು ನೆನೆಯುತ್ತ ನಿಂತೆ. "ನನ್ನ ಬೆರಳ ತುದಿ ನೋಡಿ. ಮುಟ್ಟುವುದಿಲ್ಲ ನಾನು. ಈಗ ಕಂಡಿತಾ?"

ಕಂಡಿತು. ಕಿರುಬೆರಳಿನಷ್ಟೇ ಉದ್ದ. ಕೆಳಗೆ ಉಬ್ಬಿದ ಪುಟ್ಟ ಗಡಿಗೆ, ಅದರ ಮೇಲೆ ಸಣ್ಣ ಕೊಳವೆ, ಕೊಳವೆಯ ಬಾಯಿಯ ಮೇಲೆ ಎಸಳುಗಳು ಬಾಗಿ ತುದಿಯಲ್ಲಿ ಒಂದಕ್ಕೊಂದು ಕೂಡಿಕೊಂಡು ಮಾಡಿದ ಪಂಜರ. ತಿಳಿ ಹಸಿರು, ತುದಿಗೆ ನೇರಳೆಯ ನೆರಳು. ಯಾರೋ ಅಕ್ಕಸಾಲಿಗ ಪುರುಸೊತ್ತು ಮಾಡಿಕೊಂಡು ಕೂತು ಮಾಡಿದ ಹಾಗೆ.

"ದೀಪಾವಳಿಗೆ ನಮ್ಮಲ್ಲಿ ಗೂಡುದೀಪ ಕಟ್ತಾರಲ್ಲ, ಹಾಗೇ ಉಂಟು, ಅಲ್ವಾ?" ಎಂದರು ಶೆಟ್ಟರು. ನನ್ನ ಗೊತ್ತಿನಲ್ಲಿ ಅವರು ಮೊದಲ ಬಾರಿಗೆ ಪಿಸುಗುಟ್ಟಿದ್ದು ಅಂದೇ.

ಅಂದಿನಿಂದ ಅವರಿಗೆ ಊಟ ಸೇರದು, ನಿದ್ದೆ ಹತ್ತದು. ಮೊಬೈಲಿನಲ್ಲಿ ತೆಗೆದ ಫೋಟೊವನ್ನು ಕಂಡಕಂಡವರಿಗೆ ತೋರಿಸಿದರು. ಹಾಲಿನ ಭಯ್ಯಾ ನೋಡಿದ, ವಾಚ್‌ಮನ್ ನೋಡಿದ, ತರಕಾರಿಯವಳು "ಭಾಜಿ ಹೋತೇ ಕಾ ಯಾಚಿ?" ಎಂದು ಕೇಳಿದಳು. ಪಲ್ಯ ಆಗುತ್ತದೆಯೇ ಎಂದು ಅವಳ ಪ್ರಶ್ನೆ. ಶೆಟ್ಟರು ಅವಳ ಹತ್ತಿರ ಆ ವಾರವಿಡೀ ಕೊತ್ತಂಬರಿ ಕೊಳ್ಳಲಿಲ್ಲ. ಕೊನೆಗೆ ನಮ್ಮ ಪರಿಚಯದ ಸಾವಂತ ಮೇಡಂ ಅವರಿಗೆ ನಾನೇ ಫೋಟೊ ಕಳಿಸಿದೆ. ಅವರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವರು. ಉತ್ತರ ಬರೆಯಲಿಲ್ಲ, ಮರುದಿನ ಮೊದಲ ಲೋಕಲ್ ಹಿಡಿದು ನೇರ ಬಂದೇಬಿಟ್ಟರು.

ಆ ಶಿಸ್ತಿನ ಹೆಂಗಸು, ಇಸ್ತ್ರಿ ಮಾಡಿದ ಸೀರೆಯಲ್ಲೇ ಕೆಸರಿನಲ್ಲಿ ಮಂಡಿಯೂರಿ ಕೂತುಬಿಟ್ಟರು. "ಅಗ ಬಾಯಿ! ಕಂದೀಲ್ ಪುಷ್ಪ!" ಎಂದು ಕೆನ್ನೆಯ ಮೇಲೆ ಕೈಯಿಟ್ಟುಕೊಂಡರು. ಕಂದೀಲಿನ ಹೂ. ಅವರ ಮರಾಠಿಯಲ್ಲೂ ಅದು ದೀಪವೇ ಆಗಿತ್ತೆಂದು ಶೆಟ್ಟರಿಗೆ ಆದ ಹಿಗ್ಗನ್ನು ನೀವು ನೋಡಬೇಕಿತ್ತು. ಆ ಬಳ್ಳಿ ಬಹಳ ಅಪರೂಪದ್ದೆಂದೂ, ಈ ಉಪನಗರದಲ್ಲಿ ಇನ್ನೂ ಉಳಿದಿದೆಯೆಂದು ತಾವು ಭಾವಿಸಿರಲಿಲ್ಲವೆಂದೂ ಮೇಡಂ ಹೇಳಿದರು. ನೆಲದಡಿ ಗಡ್ಡೆ, ಮಳೆ ಬಿದ್ದಾಗ ಚಿಗುರು, ಮಳೆ ಮುಗಿದ ಮೇಲೆ ಒಣಗಿ ಮಾಯ.

"ಹಾಗಾದರೆ ಇದಕ್ಕೆ ಒಳ್ಳೇ ಗೊಬ್ಬರ ಹಾಕಿ, ಸುತ್ತ ನಾಲ್ಕು ಮರ ನೆಟ್ಟು ತಂಪು ಮಾಡೋಣ" ಎಂದೆ ನಾನು, ಬಾಗಲಕೋಟೆಯ ಬಿಸಿಲು ನೆನಪಾಗಿ.

ಮೇಡಂ ಗಾಬರಿಯಿಂದ ನನ್ನ ಕೈ ಹಿಡಿದುಕೊಂಡರು. ಅದು ನೆರಳಿನ ಗಿಡವಲ್ಲವಂತೆ. ಬಿಸಿಲು, ಬಂಡೆಯ ಸಂದಿನ ತೆಳು ಮಣ್ಣು, ಹುಲ್ಲು, ಏರಲಿಕ್ಕೊಂದು ಮುಳ್ಳಿನ ಪೊದೆ, ಅಷ್ಟೇ ಅದಕ್ಕೆ ಬೇಕು. ಮರದ ನೆರಳು ಬಿತ್ತೋ, ಲಂಟಾನ ಮುಸುಕಿತೋ, ಕತೆ ಮುಗಿಯಿತು. ಗುಡ್ಡದ ಅರ್ಧಕ್ಕೆ ಆಗಲೇ ಲಂಟಾನ ಹಬ್ಬಿತ್ತು. ಕುರುಚಲು ಎಂದರೆ ಕಾಡಾಗಲು ಸೋತ ಜಾಗವೆಂದು ನಾನು ತಿಳಿದಿದ್ದೆ. ಅದು ತಾನೇ ಒಂದು ಸಂಸಾರ ಎಂದು ಯಾರೂ ನನಗೆ ಹೇಳಿರಲಿಲ್ಲ.

ನಾವು ಕೆಳಗಿಳಿದು ಬರುವಷ್ಟರಲ್ಲಿ ಕಾಲೊನಿಯ ಗೇಟಿನಲ್ಲಿ ಒಂದು ಲಾರಿ ನಿಂತಿತ್ತು. ಅದರ ತುಂಬ ಸಸಿ.

ಈ ಸಸಿಗಳ ಸಂಗತಿ ಹೇಳಬೇಕಾದರೆ ಫರ್ನಾಂಡಿಸ್ ಮೇಡಂ ಬಗ್ಗೆ ಹೇಳಬೇಕು. ಅವರು ನಮ್ಮ ಸೊಸೈಟಿಯ ಅಧ್ಯಕ್ಷೆ. ಕೆಲವು ವರ್ಷದ ಹಿಂದೆ ಕಾಲೊನಿಯೊಳಗಿನ ರಸ್ತೆ ಅಗಲ ಮಾಡುವಾಗ ಎರಡೂ ಬದಿಯ ದೊಡ್ಡ ಮರಗಳನ್ನು ಕಡಿದಿದ್ದರು. ಆ ದಿನ ಫರ್ನಾಂಡಿಸ್ ಮೇಡಂ ಕುರ್ಚಿ ಹಾಕಿಕೊಂಡು ಕೊನೆಯ ಮರದ ಬುಡದಲ್ಲಿ ಕೂತಿದ್ದರು. ಪೊಲೀಸರು ಬಂದು ಕೈಮುಗಿದು ಎಬ್ಬಿಸಬೇಕಾಯಿತು. ಕಳೆದುಹೋದ ಪ್ರತಿ ಮರಕ್ಕೂ ಮರ ನೆಡಿಸುತ್ತೇನೆಂದು ಅವರು ಅಂದೇ ಶಪಥ ಮಾಡಿದ್ದರು. ಓಡಾಡಿ, ಬೇಡಿ, ಸಸಿ ಸಂಪಾದಿಸಿ, ಆ ಭಾನುವಾರ ಗುಡ್ಡದ ಮೇಲೆ ದಟ್ಟ ಕಾಡು ಎಬ್ಬಿಸುವ ಕಾರ್ಯಕ್ರಮ ಇಟ್ಟಿದ್ದರು. ಗುಂಡಿ ತೋಡಲು ಜೆಸಿಬಿ, ಮುಖ್ಯ ಅತಿಥಿಗೆ ಶಾಲು, ಎಲ್ಲ ಸಿದ್ಧ. ಮೀಟಿಂಗಿನಲ್ಲಿ ನಾನೂ ಖುಷಿಯಿಂದ ಕೈ ಎತ್ತಿದ್ದೆ. ನೆರಳು ಯಾರಿಗೆ ಬೇಡ? ಈ ಊರಿನಲ್ಲಿ ಖಾಲಿ ನೆಲ ಕಂಡರೆ ಒಂದೋ ಬಿಲ್ಡಿಂಗ್ ಏಳಬೇಕು, ಇಲ್ಲವೇ ಸಸಿ ನೆಡಬೇಕು. ಅದು ಸುಮ್ಮನೆ ತನ್ನ ಪಾಡಿಗೆ ತಾನಿರುವುದು ನಮಗೆ ಯಾರಿಗೂ ಸಹನೆಯಾಗದು.

ಶೆಟ್ಟರು ಲಾರಿಯ ಮುಂದೆಯೇ ಫರ್ನಾಂಡಿಸ್ ಮೇಡಂ ಅವರನ್ನು ಹಿಡಿದು ತಮ್ಮ ಹೋಟೆಲ್ ಹಿಂದಿಯಲ್ಲಿ ಭಾಷಣ ಶುರುಮಾಡಿದರು. ಅವಸರಕ್ಕೆ ಮಾತು ಒಂದರ ಮೇಲೊಂದು ಬಿದ್ದು, ಹೂ, ದೀಪ, ಗಡ್ಡೆ ಎಲ್ಲ ಕಲಸಿಹೋಯಿತು. ಮೇಡಂ ತಾಳ್ಮೆಯಿಂದ ಕೇಳಿ, "ಶೆಟ್ಟಿಜೀ, ಏಕ್ ಬೇಲ್ ಕೇ ಲಿಯೇ ಮೈಂ ಪೂರಾ ಜಂಗಲ್ ರೋಕ್ ದೂಂ?" ಎಂದರು. ಒಂದು ಬಳ್ಳಿಗಾಗಿ ಇಡೀ ಕಾಡು ನಿಲ್ಲಿಸಲೇ? ಆಕೆ ಕೆಟ್ಟವರಲ್ಲ. ಕೆಟ್ಟವರೊಂದಿಗೆ ಜಗಳ ಆಡುವುದು ಸುಲಭ. ಒಳ್ಳೆಯ ಕೆಲಸವನ್ನು ತಪ್ಪು ಜಾಗದಲ್ಲಿ ಮಾಡುವವರನ್ನು ನಿಲ್ಲಿಸುವುದು ಹೇಗೆ?

"ಒಂದೇ ಸಲ ಬಂದು ನೋಡಿ ಮೇಡಂ. ಆಮೇಲೆ ನೀವು ಹೇಳಿದ ಹಾಗೆ" ಎಂದು ಶೆಟ್ಟರು ಅಂಗಲಾಚಿದರು. ಕೈಮುಗಿದೇ ಬಿಟ್ಟರು.

ಶನಿವಾರ ಬೆಳಿಗ್ಗೆ ಫರ್ನಾಂಡಿಸ್ ಮೇಡಂ ಗಮ್‌ಬೂಟು ಹಾಕಿಕೊಂಡು ಬಂದರು. ಮುಖದಲ್ಲಿ ಸೌಜನ್ಯವಿತ್ತು, ಸೋಲುವ ಲಕ್ಷಣವಿರಲಿಲ್ಲ. ಗುಡ್ಡದ ಮೇಲೆ ಸಾವಂತ ಮೇಡಂ ಆಗಲೇ ಕಾಯುತ್ತಿದ್ದರು. ಗಾಳಿಗೆ ಒಂದು ಹೂ ಉದುರಿತ್ತು. ಅವರು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು, ಬ್ಲೇಡಿನಿಂದ ಆ ಉಬ್ಬಿದ ಗಡಿಗೆಯನ್ನು ಮೆಲ್ಲಗೆ ಸೀಳಿದರು. ನಾವೆಲ್ಲ ತಲೆಗೆ ತಲೆ ತಾಗುವಂತೆ ಬಗ್ಗಿದೆವು.

ಒಳಗೆ ಜೀವವಿತ್ತು! ಸಾಸಿವೆಗಿಂತ ಸಣ್ಣ ನೊಣಗಳು. ಒಂದು ರೆಕ್ಕೆ ಕೊಡವಿಕೊಂಡು ಹೊರಗೆ ಬಂತು. ಸಾವಂತ ಮೇಡಂ ವಿವರಿಸಿದರು: ವಾಸನೆಗೆ ಮರುಳಾಗಿ ನೊಣ ಕೊಳವೆಯೊಳಗೆ ಜಾರುತ್ತದೆ, ಕೊಳವೆಯ ಕೂದಲುಗಳೆಲ್ಲ ಕೆಳಮುಖವಾಗಿರುವುದರಿಂದ ಹಿಂದೆ ಬರಲಾಗುವುದಿಲ್ಲ. ರಾತ್ರಿಯೆಲ್ಲ ಒಳಗೇ ಓಡಾಡಿ ಪರಾಗ ಅಂಟಿಸಿಕೊಳ್ಳುತ್ತದೆ. ಮರುದಿನ ಆ ಕೂದಲು ಬಾಡುತ್ತವೆ, ಹೂ ತಲೆ ಬಗ್ಗಿಸುತ್ತದೆ, ಬಾಗಿಲು ತೆರೆಯುತ್ತದೆ. ನೊಣ ಪರಾಗ ಹೊತ್ತು ಮುಂದಿನ ಹೂವಿಗೆ.

ಶೆಟ್ಟರಿಗೆ ಒಮ್ಮೆಗೇ ಭಾಷೆ ಸಿಕ್ಕಿತು. "ಮೇಡಂ, ಲಾಡ್ಜಿಂಗ್! ಏಕ್ ರಾತ್ ಕಾ ಲಾಡ್ಜಿಂಗ್. ಖಾನಾ ನಹೀಂ ಮಿಲೇಗಾ. ಸುಬಹ್ ಚೆಕ್-ಔಟ್!" ಒಂದು ರಾತ್ರಿಯ ವಸತಿ, ಊಟವಿಲ್ಲ, ಬೆಳಿಗ್ಗೆ ಬಿಡುಗಡೆ.

ಫರ್ನಾಂಡಿಸ್ ಮೇಡಂ ಗಟ್ಟಿಯಾಗಿ ನಕ್ಕರು. ಆ ನೊಣ ಹಾರಿ ಬಂದು ಅವರ ಉಗುರಿನ ಮೇಲೆ ಕೂತಿತು. ಅವರ ನಗು ನಿಂತಿತು. ಅದು ಹಾರಿಹೋಗುವವರೆಗೂ ಕೈ ಅಲುಗಿಸಲಿಲ್ಲ. ಆಮೇಲೆ ಸುತ್ತಲಿನ ಹುಲ್ಲನ್ನು, ಆ ಕವಳಿ ಪೊದೆಗಳನ್ನು ಹೊಸದಾಗಿ ನೋಡುವವರ ಹಾಗೆ ನೋಡಿ, ತಮಗೆ ತಾವೇ ಎಂಬಂತೆ, "ಲೇಕಿನ್ ಮೇರೇ ಪೇಡ್? ವೋ ಕಹಾಂ ಜಾಯೇಂಗೇ?" ಎಂದರು. ಆದರೆ ನನ್ನ ಮರಗಳು ಎಲ್ಲಿಗೆ ಹೋಗಬೇಕು? ಆ ಹಳೆಯ ಮರದ ಬುಡದ ಕುರ್ಚಿ ನನ್ನ ಕಣ್ಣ ಮುಂದೆ ಬಂತು.

ನಾನೇ ಹೇಳಿದೆ, ಮರ ಕಡಿದದ್ದು ರಸ್ತೆಬದಿಯಲ್ಲಿ, ಅಲ್ಲಿಯೇ ಹಾಕೋಣ ಎಂದು.

"ಅಲ್ಲಿ ಪಾರ್ಕಿಂಗ್ ಉಂಟಲ್ಲ ಟೀಚರ್" ಎಂದರು ಶೆಟ್ಟರು.

ಮುಂಬಯಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇರೆಯವರಿಗೆ ಹೇಳುತ್ತೇನೆ: ಇಲ್ಲಿ ಮನುಷ್ಯ ಮೂತ್ರಪಿಂಡ ದಾನ ಮಾಡಿಯಾನು, ಪಾರ್ಕಿಂಗ್ ಜಾಗ ಕೊಡಲಾರ. ಶೆಟ್ಟರು ಬೋಳುತಲೆ ಸವರಿಕೊಂಡರು. ಒಮ್ಮೆ ಹೂವಿನ ಕಡೆ ನೋಡಿದರು. ಕೆಳಗೆ, ನೀಲಿ ಹೊದಿಕೆ ಹೊದ್ದು ನಿಂತಿದ್ದ ತಮ್ಮ ಕಾರಿನ ಕಡೆ ನೋಡಿದರು.

"ಆಯ್ತು. ಮೊದಲ ಗುಂಡಿ ನನ್ನ ಪಾರ್ಕಿಂಗಿನಲ್ಲೇ ತೋಡಿ. ಕಾರು ಅಳಿಯನಿಗೆ ಕೊಡ್ತೇನೆ. ಅವನ ಹತ್ತಿರ ಜಾಗ ಉಂಟು, ನನ್ನ ಹತ್ತಿರ ಗುಡ್ಡ ಉಂಟು."

ಆ ಇಡೀ ದಿನ ಫರ್ನಾಂಡಿಸ್ ಮೇಡಂ ಮತ್ತು ಶೆಟ್ಟರು ಜೊತೆಯಾಗಿ ಮನೆ ಮನೆ ಹತ್ತಿದರು. ಒಬ್ಬರ ಶಿಸ್ತು, ಒಬ್ಬರ ಗದ್ದಲ, ಎರಡನ್ನೂ ಒಟ್ಟಿಗೆ ತಡೆಯುವ ಗಂಡಸು ನಮ್ಮ ಕಾಲೊನಿಯಲ್ಲಿ ಯಾರಿದ್ದಾರೆ? ಕೆಲವರು ಬೈದರು, ಕೆಲವರು ಬಾಗಿಲೇ ತೆರೆಯಲಿಲ್ಲ, ಆದರೂ ಸಾಕಷ್ಟು ಮಂದಿ ಒಪ್ಪಿದರು. ಭಾನುವಾರ ಮುಖ್ಯ ಅತಿಥಿ ಗುಡ್ಡದ ಬದಲು ಶೆಟ್ಟರ ಪಾರ್ಕಿಂಗಿನಲ್ಲಿ ಹೊಂಗೆಯ ಸಸಿ ನೆಟ್ಟು, ಇದೇ ಏನೋ ಹೊಸ ಯೋಜನೆಯೆಂದು ತಿಳಿದು ತುಂಬ ಹೊಗಳಿ ಹೋದರು.

ಗುಡ್ಡ ಉಳಿಯಿತು. ಆದರೆ ಉಳಿಸುವುದು ಬೇರೆ, ಸಾಕುವುದು ಬೇರೆ. ಸಾವಂತ ಮೇಡಂ ಹೇಳಿದಂತೆ ನಾವು ಕೈಗಳಿಗೆ ಗೋಣಿ ಸುತ್ತಿಕೊಂಡು ಲಂಟಾನ ಕಡಿದೆವು. ಬಿಟ್ಟರೆ ಗುಡ್ಡವನ್ನೇ ನುಂಗುವ ಸುಬಾಬುಲ್ ಮರದ ಸಸಿಗಳನ್ನು ಕಿತ್ತೆವು. ಕವಳಿ, ಕಾರೆ, ಮುಳ್ಳುಕಂಟಿ ಒಂದನ್ನೂ ಮುಟ್ಟಲಿಲ್ಲ. ಬಳ್ಳಿಯ ಹತ್ತಿರ ಅಗೆಯುವಂತಿಲ್ಲ, ಗಡ್ಡೆಗೆ ಪೆಟ್ಟಾದೀತು. ಅದರ ಗೋರಿಕಾಯಿಯಂಥ ಜೋಡಿ ಕಾಯಿಗಳು ಒಡೆದು ಬೀಜ ಹಾರಿಹೋಗುವವರೆಗೆ ಹುಲ್ಲಿಗೆ ಕತ್ತಿ ಹಚ್ಚುವಂತಿಲ್ಲ. ಕಾಯಿ ಒಡೆದ ದಿನ ರೇಷ್ಮೆಯಂಥ ಕೂದಲು ಕಟ್ಟಿಕೊಂಡ ಬೀಜಗಳು ಗಾಳಿಯಲ್ಲಿ ಏಳುವುದನ್ನು ನೋಡಿ ಶೆಟ್ಟರು, "ಹೋಗಿ ಬನ್ನಿ, ಹೋಗಿ ಬನ್ನಿ" ಎಂದು ಗಿರಾಕಿಗಳನ್ನು ಬೀಳ್ಕೊಟ್ಟ ಹಾಗೆ ಕೈಬೀಸಿದರು. ಆಮೇಲೆ ಹುಲ್ಲು ಕೊಯ್ದು ತಬೇಲದ ಎಮ್ಮೆಗಳಿಗೆ ಕಳಿಸಿದೆವು. ಒಣಹುಲ್ಲು ಬಿಟ್ಟರೆ ಯಾರೋ ಎಸೆದ ಬೀಡಿಗೆ ಗುಡ್ಡವೇ ಸುಟ್ಟೀತು.

ಬೇಸಿಗೆ ಬಂತು. ಲಂಟಾನದ ಹಸಿರು ಹೋದ ಗುಡ್ಡ ಬರೀ ಕಲ್ಲು, ಕಂದು ಬಣ್ಣ. ಕಾಲೊನಿಯ ಹುಡುಗರು ಅದಕ್ಕೆ ಟಕ್ಲಾ ಟೇಕಡಿ ಎಂದು ಹೆಸರಿಟ್ಟರು. ಬೋಳುಗುಡ್ಡ. "ಹಸಿರು ಉಳಿಸ್ತೇವೆ ಅಂತ ಹಸಿರನ್ನೇ ಕಡಿದರು" ಎಂದು ಹಿರಿಯರು ಆಡಿಕೊಂಡರು. ಶೆಟ್ಟರು ತಮ್ಮ ತಲೆ ತೋರಿಸಿ, "ಗುಡ್ಡ ನನ್ನ ಹಾಗೇ ಉಂಟು, ಏನು ತೊಂದರೆ?" ಎಂದು ನಗಿಸುತ್ತಿದ್ದರು. ನಗು ಹೊರಗಿನದು. ಜೂನಿನಲ್ಲಿ ಮಳೆ ಬಿತ್ತು. ಹುಲ್ಲು ಚಿಗುರಿತು, ಕವಳಿ ಚಿಗುರಿತು. ಬಳ್ಳಿ ಮಾತ್ರ ಇಲ್ಲ. ಮಳೆ ಜೋರಾಯಿತು, ಲೋಕಲ್ ನಿಂತಿತು, ಮತ್ತೆ ಓಡಿತು. ಬಳ್ಳಿ ಇಲ್ಲ. ಶೆಟ್ಟರ ಬಾಯಿ ಕಟ್ಟಿಹೋಯಿತು. ಮೆಟ್ಟಿಲಲ್ಲಿ ಎದುರಾದರೆ ಬರೀ ತಲೆಯಾಡಿಸಿ ಹೋಗುತ್ತಿದ್ದರು.

"ನಾವೇ ತುಳಿದು ಕೊಂದೆವೋ ಏನೋ ಟೀಚರ್" ಎಂದರು ಒಮ್ಮೆ. "ಬಿಟ್ಟಿದ್ದರೆ ಅದರ ಪಾಡಿಗೆ ಅದು ಇರ್ತಿತ್ತೇನೋ."

"ಸುಮ್ಮನಿರ್ರೀ ಶೆಟ್ಟರ. ಬಸುರಿ ಹೆಂಗಸಿಗೆ ದಿನಾ ಯಾವಾಗ ಹಡೀತಿ ಅಂತ ಕೇಳಬಾರದು" ಎಂದೆ. ಅಂದೆನೇ ಹೊರತು ಅವತ್ತು ಸಂಜೆ ನಾನೂ ಗುಡ್ಡ ಹತ್ತಿ ಪೊದೆಪೊದೆಯ ಬುಡ ನೋಡಿ ಬಂದೆ.

ಒಂದು ಬೆಳಿಗ್ಗೆ ನಾನು ಚಹಾಕ್ಕೆ ನೀರಿಟ್ಟಿದ್ದೆ. ಗುಡ್ಡದ ಮೇಲಿನಿಂದ ಕೂಗು ಕೇಳಿತು. "ಬಂತೂ! ಬಂತೂ! ಆ ಗಯಾ! ಆ ಗಯಾ!" ಆ ವಾರ ಪೈಪು ಒಡೆದು ಕಾಲೊನಿಯಲ್ಲಿ ನೀರಿಗೆ ಬಹಳ ತಾಪತ್ರಯವಿತ್ತು. ಟ್ಯಾಂಕರ್ ಬಂತೆಂದು ತಿಳಿದು ಪ್ರತಿ ಬಿಲ್ಡಿಂಗಿನಿಂದ ಜನ ಬಕೆಟು ಹಿಡಿದು ಓಡಿಬಂದರು. ನೋಡಿದರೆ ಟ್ಯಾಂಕರಿಲ್ಲ, ಶೆಟ್ಟರು ಬಂಡೆಯ ಮೇಲೆ ನಿಂತು ಎರಡೂ ಕೈ ಎತ್ತಿ ಕುಣಿಯುತ್ತಿದ್ದಾರೆ! ಬೈಯಲೆಂದು ಗುಡ್ಡ ಹತ್ತಿದವರು ನೋಡಲು ನಿಂತರು. ಲಂಟಾನ ಕಡಿದ ಕಡೆಯೆಲ್ಲ, ಹುಲ್ಲಿನ ನಡುವೆ, ಪೊದೆಯ ಬುಡದಲ್ಲಿ, ಎದುರುಬದುರು ಎಲೆ ಜೋಡಿಸಿಕೊಂಡ ನವಿರು ಬಳ್ಳಿಗಳು. ಎಷ್ಟೋ ವರ್ಷ ಕತ್ತಲಲ್ಲಿ ಮಲಗಿದ್ದ ಗಡ್ಡೆಗಳಿಗೂ ಎಚ್ಚರವಾಗಿರಬಹುದೆಂದು ಆಮೇಲೆ ಸಾವಂತ ಮೇಡಂ ಹೇಳಿದರು. ಫರ್ನಾಂಡಿಸ್ ಮೇಡಂ ಅವತ್ತು ಖಾಲಿ ಬಕೆಟನ್ನು ಬೋರಲು ಹಾಕಿ ಅದರ ಮೇಲೆ ಕೂತು, "ಓ ಮೈ ಗಾಡ್, ಶೆಟ್ಟಿಜೀ" ಎಂದು ಹೇಳುತ್ತಲೇ ಇದ್ದರು.

ಇದೆಲ್ಲ ಆಗಿ ಕೆಲವು ವರ್ಷವಾಯಿತು. ಶೆಟ್ಟರು ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಸಾಂತಾಕ್ರೂಜಿನಲ್ಲಿ ಮಗಳ ಮನೆ ಸೇರಿದ್ದಾರೆ. ಗುಡ್ಡ ಹತ್ತಬಾರದೆಂದು ಡಾಕ್ಟರ ಆಣತಿ. ಈಗ ಗುಡ್ಡದ ಕಾವಲು ಫರ್ನಾಂಡಿಸ್ ಮೇಡಂ ಅವರದು. ಕುತ್ತಿಗೆಗೆ ಸೀಟಿ ಕಟ್ಟಿಕೊಂಡಿದ್ದಾರೆ. ಹುಲ್ಲಿನ ಮೇಲೆ ಕಾಲಿಟ್ಟರೆ ಸೀಟಿ, ಪಿಕ್‌ನಿಕ್ ಚಾಪೆ ಹಾಸಿದರೆ ಸೀಟಿ, ಯಾರಾದರೂ ಭಕ್ತಿಯಿಂದ ಬೇವಿನ ಸಸಿ ಹಿಡಿದು ಬಂದರಂತೂ ಉದ್ದನೆಯ ಸೀಟಿ. ನಾನು ನನ್ನ ಬೆಡ್‌ರೂಮಿನ ಪರದೆ ತೆಗೆದುಹಾಕಿ ಬಹಳ ಕಾಲವಾಯಿತು.

ಇವತ್ತು ಬೆಳಿಗ್ಗೆ ನಮಗಿಬ್ಬರಿಗೂ ಗುರುತು ಕಟ್ಟುವ ಕೆಲಸ. ಹುಲ್ಲು ಕೊಯ್ಯುವವರಿಗೆ ತಿಳಿಯಲೆಂದು ಪ್ರತಿ ಬಳ್ಳಿಯ ಪಕ್ಕ ಒಂದು ಕಡ್ಡಿ ಊರಿ ಕೆಂಪು ಬಟ್ಟೆಯ ಚೂರು ಕಟ್ಟುತ್ತೇವೆ. ಹಳೆಯ ಸೀರೆಯೊಂದನ್ನು ಹರಿದು ಚೀಲ ತುಂಬಿಕೊಂಡು ಹೋಗಿದ್ದೆ. ಕಟ್ಟುತ್ತ, ನಡುವೆ ಕಂಡ ಲಂಟಾನದ ಚಿಗುರು ಕೀಳುತ್ತ ಆಚೆ ಬದಿಗೆ ಹೋದೆವು. ಅದು ನಾವು ಲಂಟಾನ ತೆಗೆದ ಮೇಲೆ ಒಂದೇ ಮಳೆಗಾಲ ಕಂಡ ಜಾಗ, ಅಲ್ಲಿ ಬಳ್ಳಿ ಇರಲಾರದೆಂದುಕೊಂಡಿದ್ದೆವು. ಇತ್ತು. ಅದರಾಚೆಗೂ ಇತ್ತು. ಬಂಡೆಯ ಸಂದಿನಲ್ಲಿತ್ತು, ಕವಳಿಯ ನೆತ್ತಿಯ ಮೇಲೆ ಹೂಬಿಟ್ಟು ತೂಗುತ್ತಿತ್ತು. ಫರ್ನಾಂಡಿಸ್ ಮೇಡಂ "ಔರ್ ದೋ, ಔರ್ ದೋ" ಎಂದು ಇನ್ನಷ್ಟು ಬಟ್ಟೆಗಾಗಿ ಕೈಚಾಚುತ್ತಲೇ ಇದ್ದರು. ನಾನು ಚೀಲಕ್ಕೆ ಕೈ ಹಾಕಿದೆ.

ಅಲ್ಲಿಂದಲೇ ಶೆಟ್ಟರಿಗೆ ಫೋನ್ ಮಾಡಿದೆ.

"ಶೆಟ್ಟರ, ಬಟ್ಟಿ ಸಾಲ್ಲಿಲ್ಲರೀ."

"ಎಂಥದು? ಗಾಳಿ ಶಬ್ದ, ಕೇಳುದಿಲ್ಲ. ಯಾವ ಬಟ್ಟೆ?"

"ಗುರುತಿನ ಬಟ್ಟಿ. ಇಡೀ ಸೀರಿ ಹರದೇನಿ, ಮುಗೀತು. ಬಳ್ಳಿ ಇನ್ನೂ ಅದಾವ."

ಆ ಎರಡು ಬಿಲ್ಡಿಂಗಿಗೆ ಕೇಳಿಸುವ ಗಂಟಲು, ತನಗೆ ಕೇಳಿಸಿದ್ದನ್ನೇ ನಂಬದವರ ಹಾಗೆ ತೀರಾ ಮೆಲ್ಲಗೆ ಹೇಳಿತು:

"ಟೀಚರ್, ಇನ್ನೊಮ್ಮೆ ಹೇಳಿ."